ಸಾಲು ತಪ್ಪಿದ ಕಾಟಿಗಳು

ತಪ್ಪು ಕಂಪ್ಯೂಟರಿನದೇ ಎಂಬ ಬಗ್ಗೆ ವಸಂತಕುಮಾರರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೀಳ್ ಕೋತಗಿರಿಯ ಸಣ್ಣ ಚಹಾ ಬೆಳೆಗಾರರ ಸಂಘಕ್ಕೆ ಅವಿರೋಧವಾಗಿ ಅಧ್ಯಕ್ಷರಾದವರು (ಆ ಕುರ್ಚಿ ಬೇರೆ ಯಾರಿಗೂ ಬೇಕಿರಲಿಲ್ಲ ಎಂಬುದು ಬೇರೆ ಮಾತು) ತಪ್ಪು ಮಾಡುವುದುಂಟೆ?

ಮುಂದಿನ ತಿಂಗಳು ಪದಗ್ರಹಣ. ಆ ದಿನ ವೇದಿಕೆಯಲ್ಲಿ ತೊಡಲು ಅವರಿಗೊಂದು ಸ್ವೆಟರ್ ಬೇಕಿತ್ತು. ಅಂಥಿಂಥದ್ದಲ್ಲ, ನಡುವಿನ ಸುತ್ತ ಹದಿನಾರು ಕಾಟಿಗಳು, ಅಂದರೆ ಕಾಡುಕೋಣಗಳು, ತೋಟ ಕಾಯುವ ಸೈನ್ಯದಂತೆ ಸಾಲಾಗಿ ನಡೆಯಬೇಕು. (ದಿಟದ ಕಾಟಿಗಳು ತೋಟ ತುಳಿಯುತ್ತವೆಯೇ ಹೊರತು ಕಾಯುವುದಿಲ್ಲ.) ಹೆಣೆಯುವುದು ಹೆಂಡತಿ ಪಂಕಜಂ, ನಕ್ಷೆ ಸಾಕ್ಷಾತ್ ಅಧ್ಯಕ್ಷರದು.

ಮಗಳು ಜನನಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುವ ತಂತ್ರಾಂಶವೊಂದಿತ್ತು. ತೆರೆಯ ತುಂಬ ಡಬ್ಬಿಗಳು. ಒಂದರಲ್ಲಿ ಕಾಟಿ, ಒಂದರಲ್ಲಿ ಸ್ವೆಟರಿನ ಸುತ್ತಳತೆ, ಒಂದರಲ್ಲಿ ಎಷ್ಟು ಕಾಟಿ ಎಂಬ ಲೆಕ್ಕ. ಡಬ್ಬಿಯಿಂದ ಡಬ್ಬಿಗೆ ದಾರ ಎಳೆದರೆ ಕೊನೆಯ ಡಬ್ಬಿಯಲ್ಲಿ ಚೌಕಳಿ ನಕ್ಷೆ ಸಿದ್ಧ. ಒಂದು ಚೌಕಕ್ಕೆ ಉಲ್ಲನ್ನಿನ ಒಂದು ಕುಣಿಕೆ. ಆದರೆ ನಕ್ಷೆಯಲ್ಲಿ ಒಂದು ಬಿಟ್ಟು ಒಂದು ಕಾಟಿ ಮುಂದಿನದರ ಹಿಂಭಾಗಕ್ಕೆ ಕೊಂಬು ತೂರಿಸಿತ್ತು.

"ಜನನಿಯ ಅಪ್ಪಾ, ಇವತ್ತು ಕಡ್ಡಿಗೆ ಕುಣಿಕೆ ಏರಿಸದಿದ್ರೆ ಆ ದಿನ ನಿಮಗೆ ತೋಳಿಲ್ಲದ ಸ್ವೆಟರೇ ಗತಿ" ಎಂದಳು ಪಂಕಜಂ.

ನಂಜನಾಡಿನಿಂದ ಕ್ಯಾರೆಟ್ ಹೊತ್ತು ಬಂದಿದ್ದ ಅವಳ ಅಣ್ಣ ಭೋಜನ್ ಕಣ್ಣು ಕಿರಿದಾಗಿಸಿ ತೆರೆ ನೋಡಿ ತಂಗಿಯ ಗಂಡನನ್ನು ಕೇಳಿದ. "ಏನು ಮಾಪ್ಳೆ, ಸಂಘದ ಮೀಟಿಂಗ್ ಚಿತ್ರವಾ ಇದು?"

"ಸ್ವಲ್ಪ ಇರಿ ಬಾವ. ಎಲ್ಲ ಸಾಲಿಗೆ ಬರ್ತವೆ."

ಅಧ್ಯಕ್ಷರು ದಾರಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದರು. ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸಿದರು. ಚಿತ್ರವನ್ನು ಚೌಕಕ್ಕೆ ಅಂಟಿಸುವ ಗುಂಡಿ ಒತ್ತಿದರು. ಕೊಂಬು ಇನ್ನೂ ಭದ್ರವಾಗಿ ಅಂಟಿಕೊಂಡಿತು. ಕೊನೆಗೆ ಒಂದೊಂದೇ ಡಬ್ಬಿ ತೆರೆದು ನೋಡಿ, ಕಳ್ಳನ ಕೊರಳಪಟ್ಟಿ ಹಿಡಿದವರಂತೆ ಎದ್ದು ನಿಂತರು.

"ಕಂಪ್ಯೂಟರಿನ ತಪ್ಪಲ್ಲ. ಇಂಚಿಗೆ ನಾಲ್ಕು ಕುಣಿಕೆಯಂತೆ ಒಂದು ಕಾಟಿಗೆ ಒಂಬತ್ತೂವರೆ ಚೌಕ ಬರ್ತಿದೆ. ಅರ್ಧ ಚೌಕ ಅಂತ ಎಲ್ಲಿದೆ? ಪಾಪ, ಅದು ಒಂದಕ್ಕೆ ಒಂಬತ್ತು, ಇನ್ನೊಂದಕ್ಕೆ ಹತ್ತು ಕೊಡ್ತಿದೆ. ಒಂಬತ್ತು ಸಿಕ್ಕಿದ್ದಕ್ಕೆ ಕೊಂಬಿಡೋಕೆ ಜಾಗ ಇಲ್ಲ. ಸುತ್ತಳತೆಯೇ ತಪ್ಪು. ಅಳೆದವರು ಯಾರು?"

"ನಾನೇ. ಮೂವತ್ತೆಂಟು ಇಂಚು" ಎಂದಳು ಪಂಕಜಂ.

"ನೋಡಿದ್ರಾ ಬಾವ? ಟೇಪು ಹಿಡಿಯೋಕೆ ಬರಲ್ಲ, ನನ್ನ ನಕ್ಷೆಗೆ ಹೆಸರು ಕೆಡಿಸ್ತಾಳೆ. ನಿಮ್ಮೆದುರೇ ಇನ್ನೊಮ್ಮೆ ಅಳೆಯಲಿ."

ಪಂಕಜಂ ಟೇಪು ಸುತ್ತಿದಳು. ವಸಂತಕುಮಾರರು ಉಸಿರೆಳೆದರು; ಹೊಟ್ಟೆ ಎದೆಗೇರಿ ಅಡಗಿತು. ಮತ್ತೆ ಮೂವತ್ತೆಂಟು.

ಪಂಕಜಂ ಟೇಪು ತೆಗೆಯಲಿಲ್ಲ. "ಆ ಅರ್ಧ ಚೌಕದ ವಿಷಯ ಅಣ್ಣನಿಗೆ ಸರಿಯಾಗಿ ತಿಳೀಲಿಲ್ವೇನೋ. ಸ್ವಲ್ಪ ಬಿಡಿಸಿ ಹೇಳಿ" ಎಂದಳು.

ವಿವರಿಸುವ ಅವಕಾಶ ಸಿಕ್ಕರೆ ಅಧ್ಯಕ್ಷರು ಊಟ ಬಿಟ್ಟಾರು, ಅವಕಾಶ ಬಿಡಲಾರರು. ಆದರೆ ವಿವರಣೆಗೆ ಉಸಿರು ಬೇಕು. "ಅಂದರೆ ಬಾವ" ಎನ್ನುವಾಗ ಟೇಪು ಪಂಕಜಂಳ ಬೆರಳ ಸಂದಿಯಲ್ಲಿ ಜಾರತೊಡಗಿತು. "ಆದಕಾರಣ" ಎನ್ನುವಷ್ಟರಲ್ಲಿ ನಲವತ್ತು ದಾಟಿತು. "ಈ ಸಮಸ್ಯೆಯ ಮೂಲ ಎಲ್ಲಿದೆಯೆಂದರೆ" ಎಂಬಲ್ಲಿಗೆ ಬಂದು ನಿಂತಿತು.

ಭೋಜನ್ ಬಗ್ಗಿ ಗಟ್ಟಿಯಾಗಿ ಓದಿದ. "ನಲವತ್ನಾಲ್ಕು. ಮೂಲ ಸಿಕ್ತು ಮಾಪ್ಳೆ."

ವಸಂತಕುಮಾರರು ಡಬ್ಬಿಯಲ್ಲಿ ನಲವತ್ನಾಲ್ಕು ಒತ್ತಿದರು. ಹದಿನಾರು ಕಾಟಿಗಳೂ ತಲಾ ಹನ್ನೊಂದು ಚೌಕ ಪಡೆದು, ಕೊಂಬು ಬಿಡಿಸಿಕೊಂಡು, ಘನತೆಯಿಂದ ಸಾಲಾಗಿ ಹೊರಟವು.

"ನಾನು ಹೇಳಲಿಲ್ವಾ, ಅಳತೇದೇ ತಪ್ಪು ಅಂತ?" ಎಂದರು, ಧ್ವನಿಯಲ್ಲಿ ಒಂದಿಷ್ಟೂ ಸೋಲಿಲ್ಲದೆ.

"ಆಮಾ, ಹೇಳಿದ್ರಿ." ಪಂಕಜಂ ಕಡ್ಡಿಗೆ ಮೊದಲ ಕುಣಿಕೆ ಏರಿಸಿದಳು. "ಉಲ್ಲನ್ ತಂದದ್ದು ಮೂವತ್ತೆಂಟಕ್ಕೆ. ಕೋತಗಿರಿಗೆ ಹೋಗಿ ಇನ್ನೆರಡು ಉಂಡೆ ತನ್ನಿ. ಯಾಕೆ ಸಾಲಲಿಲ್ಲ ಅಂತ ಅಂಗಡಿಯವನು ಕೇಳಿದ್ರೆ ಮಾತ್ರ ವಿವರಿಸೋಕೆ ಹೋಗ್ಬೇಡಿ. ಉಸಿರು ಹಿಡ್ಕೊಂಡು ನಿಂತುಬಿಡಿ."