ಬೀರೇಶನಿಗೆ ಹನ್ನೊಂದು ತಾಯಂದಿರು

ಇಪ್ಪತ್ತೊಂದು ವರ್ಷದ ಹಿಂದೆ, ನಮ್ಮ ಕುರಿಕೊಟ್ಟಿಗೆಯ ಮೂಲೆಯಲ್ಲಿ ಕೂತು, ಎಂಟು ವರ್ಷದ ಬೀರೇಶ ನನಗೊಂದು ಮಾತು ಕೊಟ್ಟಿದ್ದ. ಅವನ ತೊಡೆಯ ಮೇಲೆ ಒಂದು ಮರಿ ಸತ್ತಿತ್ತು. ಅದರ ತಾಯಿ ಈಯುವಾಗಲೇ ಹೋಗಿತ್ತು. ಬೇರೆ ಕುರಿಗಳು ಮೂಸಿ ನೋಡಿ, ತಮ್ಮದಲ್ಲ ಎಂದು ಗುಮ್ಮಿ ಕಳಿಸಿದ್ದವು. ಹುಡುಗ ಅಳಲಿಲ್ಲ. ಮೂಗನ್ನು ತೋಳಿಗೆ ಒರೆಸಿಕೊಂಡು ಹೇಳಿದ:

“ಅತ್ತಿಗೆ, ನಾನು ದೊಡ್ಡೋನಾದ ಮ್ಯಾಲೆ ಈ ಕೊಟ್ಟಿಗೇಲಿ ಒಂದೂ ತಬ್ಬಲಿ ಮರಿ ಇರಾಕಿಲ್ಲ. ಆಣೆಗೂ!”

ನಾನು “ಆಗ್ಲಿ ಕನಪ್ಪ” ಎಂದು ಗುದ್ದಲಿ ತರಲು ಹೋದೆ. ಕೆಲಸ ಬೇಕಾದಷ್ಟಿತ್ತು. ಮಕ್ಕಳ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವನು ಇಟ್ಟುಕೊಂಡಿದ್ದ.

ಬೀರೇಶ ನನ್ನ ಗಂಡನ ತಮ್ಮ. ಅವನಿಗೆ ಏಳು ವರ್ಷವಾದಾಗ ನಮ್ಮತ್ತೆ ತೀರಿಕೊಂಡರು. ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ಐದು ತಿಂಗಳು. ಹಾಗಾಗಿ ಹೆರುವ ಮೊದಲೇ ನನಗೊಬ್ಬ ಮಗ ಸಿಕ್ಕಿದ. ಆಮೇಲೆ ಹೆತ್ತ ಇಬ್ಬರೂ ಸೇರಿ ಕೊಡದಷ್ಟು ಕಾಟವನ್ನು ಅವನೊಬ್ಬನೇ ಕೊಟ್ಟಿದ್ದಾನೆ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಅವನು ಪಂಪು, ಮಿಕ್ಸಿ, ಟೀವಿ ರಿಪೇರಿ ಮಾಡುತ್ತಾನೆ. ಉಳಿದ ಹೊತ್ತಿನಲ್ಲಿ ಹೊಸದು ಕಂಡುಹಿಡಿಯುತ್ತಾನೆ. ಉಳಿದ ಹೊತ್ತು ಅವನಿಗೆ ಬಹಳ.

ಈ ಸಲ ಕಂಡುಹಿಡಿದದ್ದರ ಹೆಸರು ‘ಮಮತಾ-ನಾಲ್ಕು’. ಮಮತಾ-ಒಂದನ್ನು ಒಂದು ಕುರಿ ಒದ್ದು ಮುರಿದಿತ್ತು. ಎರಡು ಹೊತ್ತಿ ಉರಿದಿತ್ತು. ಮೂರರ ವಾಸನೆಗೆ ನಾವು ಮೂರು ದಿನ ಊಟವನ್ನೇ ಮಾಡಿರಲಿಲ್ಲ!

*

ಆ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎರಡು ಸಾವಾದವು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಬೊಟ್ಟವ್ವ ಮರಿ ಹಾಕಿ ಕಣ್ಣು ಮುಚ್ಚಿದಳು. ಮರಿ ಬದುಕಿತು. ಪಕ್ಕದಲ್ಲೇ ಕರಿಗಿವಿ ಈದಳು. ತಾಯಿ ಬದುಕಿದಳು, ಮರಿ ಹುಟ್ಟುವಾಗಲೇ ಸತ್ತಿತ್ತು. ಒಂದು ಕಡೆ ಹಾಲಿಲ್ಲದ ಮರಿ, ಒಂದು ಕಡೆ ಮರಿಯಿಲ್ಲದ ಹಾಲು. ಆದರೆ ಕುರಿ ತನ್ನ ಮರಿಯನ್ನು ಮೂಗಿನಿಂದಲೇ ಗುರುತಿಸುತ್ತದೆ. ಬೇರೆಯದನ್ನು ಕೆಚ್ಚಲಿಗೆ ಸೇರಿಸುವುದಿಲ್ಲ. ಹುಟ್ಟಿದ ಮರಿಗೆ ಸಂಜೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಬೀಳದಿದ್ದರೆ ಮತ್ತೆ ಗುದ್ದಲಿಯೇ.

ನನ್ನ ಗಂಡ ಮಾಯಿಗೇಗೌಡರು ಚಾಕು ಮಸೆಯತೊಡಗಿದರು. ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಅಂಗಿಯಂತೆ ಹೊದಿಸುವುದು ನಮ್ಮ ಹಿರಿಯರ ಉಪಾಯ. ವಾಸನೆಗೆ ಮರುಳಾಗಿ ತಾಯಿ ಕುಡಿಸುತ್ತದೆ. ಎರಡು ದಿನ ಕಳೆದರೆ ಅದೇ ಅಭ್ಯಾಸವಾಗುತ್ತದೆ.

“ಅಣ್ಣ, ಚಾಕು ಮಡಗು!” ಎಂದು ಬೀರೇಶ ಅಡ್ಡ ನಿಂತ. “ಅದ್ರ ಮಗಿನ್ ಚರ್ಮ ಸುಲ್ದು ಅದುಕ್ಕೇ ತೋರ್ಸಿ ಮೋಸ ಮಾಡಾದಾ? ಅದೂ ಒಂದು ತಾಯಿ ಅಲ್ವಾ?”

“ಮೋಸ ಆದ್ರೂ ಮರಿ ಬದುಕ್ತದೆ ಕಣ್ಲಾ. ನಿನ್ ಮಿಸಿನ್ನು ಏನ್ಮಾಡ್ತದೆ?”

“ವಿಜ್ಞಾನ ಮಾಡ್ತದೆ!”

ನಾನು ಸೆರಗಿನೊಳಗೆ ಬೊಟ್ಟವ್ವನ ಮರಿಯನ್ನು ಹಿಡಿದುಕೊಂಡಿದ್ದೆ. ಅದರ ಬಾಯೊಳಗೆ ಬೆರಳಿಟ್ಟು ನೋಡಿದೆ. ತಣ್ಣಗಿತ್ತು. ಬಾಯಿ ತಣ್ಣಗಾದ ಮರಿಗೆ ಹೆಚ್ಚು ಹೊತ್ತಿರುವುದಿಲ್ಲ.

ಬೊಟ್ಟವ್ವನನ್ನು ನೋಡಲು ಫೋನು ಮಾಡಿ ಕರೆಸಿದ್ದ ಪಶು ಡಾಕ್ಟರು ಸ್ಕೂಟರಿನಲ್ಲಿ ಬಂದಿಳಿದರು. ತಡವಾಯಿತೆಂದು ಬೇಸರಪಟ್ಟರು. ಬೀರೇಶನಿಗೆ ಮಾತ್ರ ಒಬ್ಬ ಓದಿದ ಪ್ರೇಕ್ಷಕ ಸಿಕ್ಕಿದಂತಾಯಿತು.

“ನೋಡಿ ಸಾರ್!” ಎಂದು ಯಂತ್ರವನ್ನು ಅಂಗಳಕ್ಕೆ ತಂದ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪು, ಅದಕ್ಕೊಂದು ಬಿಸ್ಕತ್ತಿನ ಡಬ್ಬ, ಡಬ್ಬಕ್ಕೊಂದು ಒಡೆದ ಮೊಬೈಲು, ಕೊನೆಗೆ ತಲೆಗೂದಲು ಒಣಗಿಸುವ ಯಂತ್ರದ ಸೊಂಡಿಲು. “ಈ ಸೊಂಡ್ಲು ವಾಸ್ನೆ ಕಲೀತದೆ. ಡಬ್ಬ ಅದುನ್ನ ತಯಾರು ಮಾಡ್ತದೆ. ಪಂಪು ಹೊಡೀತದೆ. ಅಸಲಿಗಿಂತ ನೂರು ಪಟ್ಟು ಗಟ್ಟಿ! ಹಸ್ದಿರೋ ಮರಿ ಕೂಗುದ್ರೆ ಸಾಕು, ತಾನಾಗೇ ಹೊಡೀತದೆ.”

“ಆಫ್ ಮಾಡೋದು ಎಲ್ಲಿ?” ಎಂದರು ಡಾಕ್ಟರು.

ಬೀರೇಶ ಮರುಕದಿಂದ ನಕ್ಕ. “ತಾಯಿ ಮಮತೆಗೆ ಸ್ವಿಚ್ಚಿರ್ತದಾ ಸಾರ್?”

ಈ ಭಾಷಣ ಕಾಲು ಗಂಟೆ ನಡೆಯಿತು. ಅಷ್ಟೂ ಹೊತ್ತು ಅವನು ಸೊಂಡಿಲನ್ನು ಒಂದು ಕಡೆ ಒರಗಿಸಿಟ್ಟಿದ್ದ. ಎಲ್ಲಿ? ಮರಿಗಳ ಮಂಕರಿಯ ಮೇಲೆ! ತಾಯಂದಿರು ಮೇಯಲು ಹೋದಾಗ ನಾವು ಮರಿಗಳನ್ನೆಲ್ಲ ದೊಡ್ಡ ಬಿದಿರು ಮಂಕರಿಯನ್ನು ಬೋರಲು ಹಾಕಿ ಅದರೊಳಗೆ ಕೂಡುತ್ತೇವೆ. ಆ ದಿನ ಅದರೊಳಗೆ ಹತ್ತು ಮರಿಗಳಿದ್ದವು. ಸೊಂಡಿಲು ಪಾಪ, ತನಗೆ ಹೇಳಿದ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿತ್ತು. ಹತ್ತೂ ಮರಿಗಳ ವಾಸನೆಯನ್ನು ಒಟ್ಟಿಗೆ ಕಲಿಯುತ್ತಿತ್ತು. ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಆಮೇಲೆ ಅವನು ಸೊಂಡಿಲನ್ನು ಕರಿಗಿವಿಯ ಸತ್ತ ಮರಿಗೆ ಮೂಸಿಸಿದ. ನಾನು ತಬ್ಬಲಿಯನ್ನು ಕೆಳಗೆ ಬಿಟ್ಟೆ. ಅದು ಸಣ್ಣದಾಗಿ “ಮ್ಯಾ” ಎಂದಿತು. ಪಂಪು ಬುಸ್ಸೆಂದು ಹೊಡೆಯಿತು.

ಕರಿಗಿವಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಗಂಟಲೊಳಗೇ ಗುರ್‌ಗುಟ್ಟಿದಳು, ಹೆತ್ತ ಕುರಿ ತನ್ನ ಮರಿಗೆ ಮಾತ್ರ ಆಡುವ ಮಾತು ಅದು. ಮರಿ ಮೊಲೆ ಹುಡುಕಿತು. ಬಾಲ ಅಲ್ಲಾಡಿತು!

ಡಾಕ್ಟರು ಚಪ್ಪಾಳೆ ತಟ್ಟಿದರು. ನನ್ನ ಗಂಡ ಚಾಕು ಕೆಳಗಿಟ್ಟರು. ಬೀರೇಶ ನನ್ನ ಕಡೆ ನೋಡಿದ. ಎಂಟು ವರ್ಷದವನ ಮುಖವೇ.

ಮರಿ ಎರಡು ಗುಟುಕು ಕುಡಿದಿತ್ತು. ಆಗ ಪಕ್ಕದ ಮನೆಯ ದೊಡ್ಡತಾಯಮ್ಮಜ್ಜಿ ಗದ್ದೆ ಬಯಲಿನಿಂದ ನಮ್ಮ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಬಂದರು.

*

ಹತ್ತು ತಾಯಂದಿರು ಅಂಗಳಕ್ಕೆ ಕಾಲಿಟ್ಟವು. ಹತ್ತೂ ಒಟ್ಟಿಗೆ ಮೂಗೆತ್ತಿದವು. ದಿನವೂ ಮಂಕರಿಯತ್ತ ಓಡುತ್ತಿದ್ದ ಕುರಿಗಳು ಈಗ ತಬ್ಬಲಿಯತ್ತ ನುಗ್ಗಿದವು!

“ಅಯ್ಯೋ, ತುಳ್ದಾಕ್ತವೆ!” ಎಂದು ನಾನು ಕೂಗಿದೆ. ಬೀರೇಶ ಹಾರಿ ಬಂದು ಮರಿಯನ್ನು ಎದೆಗವುಚಿಕೊಂಡ. ಮರಿ ಹೆದರಿ ಕೂಗಿತು. ಪಂಪು ಬುಸ್ಸೆಂದಿತು. ಮಂಕರಿಯೊಳಗಿನ ಹತ್ತೂ ಕೂಗಿದವು. ಪಂಪು ಬುಸ್ ಬುಸ್ ಬುಸ್ಸೆಂದಿತು! ತಲೆಯಿಂದ ಕಾಲಿನವರೆಗೆ ಬೀರೇಶ ನೆಂದು ತೊಪ್ಪೆಯಾದ. ನಾನು ಮನೆಯೊಳಗೆ ಓಡಿದೆ. ಅವನು ಮರಿಯನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟು ತಿರುಗಿದ. ಹನ್ನೊಂದು ಕುರಿಗಳು ಅವನನ್ನೇ ನೋಡುತ್ತಿದ್ದವು. ಎಲ್ಲವೂ ಗುರ್‌ಗುಟ್ಟಿದವು.

“ಸ್ವಿಚ್ ಎಲ್ಲಲಾ!” ಎಂದರು ನನ್ನ ಗಂಡ.

“ಇಲ್ಲ ಕಣಣ್ಣ!”

“ಯಾಕಿಲ್ವಲಾ?”

“ಆಗ್ಲೇ ಯೋಳಿವ್ನಲ್ಲ, ಮಮತೆಗೆ...” ಅಷ್ಟರಲ್ಲಿ ಒಂದು ಕುರಿ ಅವನ ಕಿವಿ ನೆಕ್ಕಿತು. ಇನ್ನೊಂದು ಹಿಂದಿನ ಕಾಲು ಅಗಲಿಸಿ, ಕೆಚ್ಚಲನ್ನು ಅವನ ಮೊಣಕಾಲಿಗೆ ಒತ್ತಿ, ಕುಡಿ ಮಗನೇ ಎಂಬಂತೆ ನಿಂತಿತು. ಮೂರನೆಯದು ಎರಡನೆಯದನ್ನು ಗುಮ್ಮಿತು. ಬೀರೇಶ ಓಡಿದ. ಬಾವಿಕಟ್ಟೆ ಸುತ್ತಿದ, ತಿಪ್ಪೆ ದಾಟಿದ, ಕೊನೆಗೆ ಹುಲ್ಲಿನ ಮೆದೆ ಹತ್ತಿದ. ತಾಯಂದಿರು ಮೆದೆಯ ಸುತ್ತ ನಿಂತು ಅಳತೊಡಗಿದವು.

ಪಂಪು ಬಿಡದೆ ಹೊಡೆಯುತ್ತಲೇ ಇತ್ತು. ಎರಡು ಹನಿ ಡಾಕ್ಟರ ಸ್ಕೂಟರಿನ ಸೀಟಿಗೂ ಬಿದ್ದಿತ್ತು. ಒಂದು ಕುರಿ ಅದನ್ನು ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ನೆಕ್ಕಿ ಶುಚಿ ಮಾಡುತ್ತಿತ್ತು. ಡಾಕ್ಟರು ಹತ್ತಿರ ಹೋದರೆ ಕಾಲು ಕೆರೆಯಿತು.

“ಇದಕ್ಕೇನಾಗಿದೆಯಮ್ಮಾ?” ಎಂದರು ಡಾಕ್ಟರು.

“ಏನಿಲ್ಲ ಕನಪ್ಪ, ನಿಮ್ ಸ್ಕೂಟ್ರು ಹಾಲು ಕುಡೀತಿಲ್ಲ ಅಂತ ಅದುಕ್ಕೆ ಯೋಚ್ನೆ” ಎಂದರು ದೊಡ್ಡತಾಯಮ್ಮಜ್ಜಿ.

ಇಷ್ಟರವರೆಗೆ ನಗುವಂಥದ್ದೇ. ನಾನೂ ನಕ್ಕೆ. ಆಮೇಲೆ ಗಂಡ ಮಂಕರಿ ಎತ್ತಿ, ಹತ್ತು ಮರಿಗಳನ್ನೂ ಒಂದೊಂದಾಗಿ ಅವುಗಳ ತಾಯಂದಿರ ಹತ್ತಿರ ಒಯ್ದರು. ಯಾವ ತಾಯಿಯೂ ತಿರುಗಿ ನೋಡಲಿಲ್ಲ. ನೂರು ಪಟ್ಟು ಗಟ್ಟಿಯಾದ ವಾಸನೆ ಮೆದೆಯ ಮೇಲಿರುವಾಗ, ಕಾಲ ಬಳಿಯ ಸಣ್ಣ ವಾಸನೆ ಯಾರಿಗೆ ಬೇಕು? ನಿನ್ನೆ ನೆಕ್ಕಿ ಮುದ್ದಾಡಿದ ಮರಿಯನ್ನೇ ಗುಮ್ಮಿದವು. ಟ್ಯಾಂಕು ಬರಿದಾಗಿ ಪಂಪು ನಿಂತಿತು. ಮರಿಗಳ ಕೂಗು ನಿಲ್ಲಲಿಲ್ಲ.

ಬೆಳಿಗ್ಗೆ ನಮಗೆ ಒಂದು ತಬ್ಬಲಿ ಮರಿ ಇತ್ತು. ಮಧ್ಯಾಹ್ನಕ್ಕೆ ಹನ್ನೊಂದು.

*

ಬಿಸಿಲು ಇಳಿಯುತ್ತ ಬಂತು. ಒಂದು ಕುರಿಯನ್ನು ಬಲವಂತವಾಗಿ ಹಿಡಿದು ಹಾಲು ಹಿಂಡಲು ನೋಡಿದೆವು. ಅದು ಹಾಲು ಇಳಿಸಲಿಲ್ಲ. ನನ್ನ ಸೆರಗಿನೊಳಗಿನ ತಬ್ಬಲಿ ಈಗ ಕೂಗುವುದನ್ನೂ ನಿಲ್ಲಿಸಿತ್ತು. ಎರಡು ಗುಟುಕಿನಲ್ಲಿ ಎಷ್ಟು ಹೊತ್ತು?

ನಾನು ಮೆದೆಯ ಕೆಳಗೆ ಹೋಗಿ ನಿಂತೆ.

“ಇಳಿಯೋ ಬೀರಾ.”

“ಇಳಿಯಾಕಿಲ್ಲ ಅತ್ತಿಗೆ.”

“ಕೊಟ್ಗೇಲಿ ಬಂದು ಕುಂತ್ಕೋ. ಅವು ನಿನ್ನ ನೆಕ್ತಾ ನಿಂತ್ಕತವೆ. ಹಾಲು ತಾನಾಗೇ ಇಳೀತದೆ. ನಿನ್ ತೊಡೆ ಮ್ಯಾಲಿಂದ ಮರಿಗೋಳು ಕುಡ್ಕತವೆ.”

“ಅದೂ ಮೋಸಾನೇ ಅಲ್ವಾ? ಅಣ್ಣನ್ ಚಾಕ್ಗೆ ಅಡ್ಡ ನಿಂತೋನು ನಾನೇ. ಈಗ ಹತ್ತು ತಾಯಿ ಮಕ್ಕಳ್ನ ದೂರ ಮಾಡ್ಬುಟ್ಟು, ನಾನೇ ಚರ್ಮ ಹೊದ್ಕಂಡು ಕುಂತ್ಕಬೇಕಾ?”

ನನಗೆ ಬೆಳಗಿನಿಂದ ಸಾಕಾಗಿತ್ತು. ಇಲ್ಲದಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲವೇನೋ. “ನಿಂಗೂ ಮೋಸ ಮಾಡಿದ್ರು ಕಣೋ” ಎಂದೆ.

“ಯಾರು?”

“ನಾನೇ. ನಿಮ್ಮವ್ವ ಹೋದಾಗ ನೀನು ಮೂರು ದಿನ ಉಣ್ಲಿಲ್ಲ. ತುತ್ತು ತಂದ್ರೆ ಮಖ ತಿರುಗುಸ್ತಿದ್ದೆ. ಆಗ ದೊಡ್ತಾಯಮ್ಮಜ್ಜಿ ಅಂದ್ರು, ನಿಮ್ಮತ್ತೆ ಬುಟ್ಟೋದ ಸೀರೆ ಒಗೀಬ್ಯಾಡ, ಹಂಗೇ ಉಟ್ಕಾ ಅಂತ. ಉಟ್ಕಂಡೆ. ಹೊಗೆ, ಕುರಿ, ಎಲಡಿಕೆ, ಎಲ್ಲಾ ವಾಸ್ನೆ ಅದ್ರಾಗಿತ್ತು. ಅವತ್ತು ನೀನು ಬಂದು ಮಡ್ಲಲ್ಲಿ ಮಖ ಇಟ್ಟೆ. ಒಂದು ಮುದ್ದೆ ಉಂಡೆ. ಅದು ಹರಿಯೋಗಂಟ ಅದುನ್ನೇ ಉಟ್ಟಿವ್ನಿ.”

ದೊಡ್ಡತಾಯಮ್ಮಜ್ಜಿ ಸೆರಗಿನ ತುದಿ ಕಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದರು.

“ಅದು ಅವ್ವನ್ ಸೀರೆ ಅಂತ ನಂಗೆ ಗೊತ್ತಿತ್ತು ಅತ್ತಿಗೆ” ಎಂದ ಬೀರೇಶ.

ಇಪ್ಪತ್ತೆರಡು ವರ್ಷ ನಾನು ಬಚ್ಚಿಟ್ಟುಕೊಂಡಿದ್ದ ಮಾತು!

“ಗೊತ್ತಿದ್ದೂ ಉಂಡ್ಯಾ?”

“ಹಸ್ವಾಗಿತ್ತು.”

ಸ್ವಲ್ಪ ಹೊತ್ತಿನ ಮೇಲೆ ಅವನು ಇಳಿದು ಬಂದ.

*

ಕೊಟ್ಟಿಗೆಯ ನಡುವೆ ಗೋಣಿಚೀಲ ಹಾಸಿ ಅವನನ್ನು ಕೂರಿಸಿದೆವು. ಗಂಡ ಮರಿಗಳನ್ನು ಒಂದೊಂದಾಗಿ ಅವನ ಮೈಗೆ ಉಜ್ಜಿ ಕುರಿಗಳ ಕೆಳಗೆ ಬಿಟ್ಟರು. ತಾಯಂದಿರು ಅವನ ತಲೆ, ಕಿವಿ, ಕುತ್ತಿಗೆ ನೆಕ್ಕುತ್ತ ಕಣ್ಣು ಅರೆಮುಚ್ಚಿ ನಿಂತವು. ಯಾವ ಮರಿ ಯಾವ ಕೆಚ್ಚಲಿಗೆ ಬಾಯಿ ಹಾಕಿತೋ ಲೆಕ್ಕವೇ ಇರಲಿಲ್ಲ. ಯಾವ ಕುರಿಯೂ ಯಾವ ಮರಿಯನ್ನೂ ಗುಮ್ಮಲಿಲ್ಲ. ಎಲ್ಲದಕ್ಕೂ ಒಂದೇ ವಾಸನೆ!

ಕೊನೆಗೆ ತಬ್ಬಲಿಯನ್ನು ಅವನ ತೊಡೆಯ ಮೇಲೆ ಇಟ್ಟೆ. ಅದಕ್ಕೆ ಏಳುವ ತ್ರಾಣವಿರಲಿಲ್ಲ. ಬೀರೇಶ ಅದರ ಬಾಯಿ ಬಿಡಿಸಿ ಕರಿಗಿವಿಯ ಮೊಲೆ ಹಿಡಿದ. ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ನಾವೆಲ್ಲ ಬಗ್ಗಿ ನೋಡಿದೆವು. ಆಮೇಲೆ ಅದರ ಬಾಲ ಒಂದೇ ಒಂದು ಸಲ ಅಲ್ಲಾಡಿತು. ಅದು ಕುಡಿದು ಮುಗಿಸಿದ ಮೇಲೆ ಬಾಯೊಳಗೆ ಬೆರಳಿಟ್ಟು ನೋಡಿದೆ. ಬೆಚ್ಚಗಿತ್ತು.

“ಯಾವಾಗ ಹೋಗ್ತದೆ ಈ ವಾಸ್ನೆ?” ಎಂದರು ಗಂಡ.

“ಎಲ್ಡು ದಿನ” ಎಂದ ಬೀರೇಶ, ಒಂದು ಕುರಿಯ ನಾಲಿಗೆಯ ಕೆಳಗಿನಿಂದ.

ಇದಾಗಿ ಎರಡು ತಿಂಗಳಾಯಿತು. ಸೋಪು, ಸೀಗೆಪುಡಿ, ಕಡಲೆಹಿಟ್ಟು, ಹುಣಸೆಹುಳಿ, ಪಾತ್ರೆ ತಿಕ್ಕುವ ಪುಡಿ, ಎಲ್ಲ ಹಾಕಿ ಉಜ್ಜಿದೆವು. ಬೀರೇಶನ ಬಣ್ಣ ಸ್ವಲ್ಪ ತಿಳಿಯಾಯಿತು, ವಾಸನೆ ಹೋಗಲಿಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅವನು ಕೊಟ್ಟಿಗೆಯಲ್ಲಿ ಕೂರದಿದ್ದರೆ ಹನ್ನೊಂದರಲ್ಲಿ ಒಂದೂ ಹಾಲಿಳಿಸುವುದಿಲ್ಲ. ಈಗ ಮಿಕ್ಸಿ ರಿಪೇರಿಯೂ ಅಲ್ಲೇ. ಊರಿನವರು ಮಿಕ್ಸಿ ಹಿಡಿದು ಕುರಿಗಳ ನಡುವೆ ಸಾಲಾಗಿ ನಿಲ್ಲುತ್ತಾರೆ. ಬೀರೇಶನ ಎಡಗಡೆಯ ಕೂದಲು ನೆಕ್ಕಿಸಿಕೊಂಡೂ ನೆಕ್ಕಿಸಿಕೊಂಡೂ ತೆಳ್ಳಗಾಗಿದೆ. ಹುಷಾರಿಲ್ಲದೆ ಒಂದು ದಿನ ಮಲಗಿದ್ದಕ್ಕೆ ಕರಿಗಿವಿ ಮನೆಯೊಳಗೇ ಬಂದು ಅವನ ಕಂಬಳಿಯ ಮೇಲೆ ಮಲಗಿದಳು. ಡಾಕ್ಟರು ಈಗ ಸ್ಕೂಟರನ್ನು ಊರಾಚೆ ಬಿಟ್ಟು ನಡೆದು ಬರುತ್ತಾರೆ.

ತಬ್ಬಲಿಯಾಗಿದ್ದ ಮರಿ ಎಲ್ಲಕ್ಕಿಂತ ದಪ್ಪಗಾಗಿದೆ. ಹನ್ನೊಂದೂ ಕುರಿಗಳ ಹಾಲು ಕುಡಿಯುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಈಗ ತಬ್ಬಲಿ ಒಂದೂ ಇಲ್ಲ.

ಬೀರೇಶ ಕೊಟ್ಟ ಮಾತು ಉಳಿಸಿಕೊಂಡ.