ಪ್ಲಾನಿನಲ್ಲಿ ಇಲ್ಲದ ಮಾವಿನ ಮರ

ನಮ್ಮ ಬಡಾವಣೆಯ ಪಾರ್ಕನ್ನು ಅದರಷ್ಟಕ್ಕೆ ಬಿಟ್ಟರೆ ಚೆನ್ನಾಗಿಯೇ ಇರುತ್ತದೆ. ಯಾರಾದರೂ ಉದ್ಧಾರ ಮಾಡುತ್ತೇನೆಂದು ಬಂದರೆ ಸಾಕು, ಏನಾದರೊಂದು ಅವಾಂತರ ಆಗದೆ ಇರುವುದಿಲ್ಲ.

ಪಾರ್ಕು ಎಂದರೆ ಏನು ಮಹಾ? ಮಣಿಪಾಲದ ಇಳಿಜಾರಿನಲ್ಲಿ ಒಂದು ಖಾಲಿ ಜಾಗ, ನಡುವೆ ತಾನಾಗಿಯೇ ಬೆಳೆದ ಒಂದು ಕಾಟು ಮಾವಿನ ಮರ, ಬುಡದಲ್ಲಿ ಸಿಮೆಂಟಿನ ಬೆಂಚು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಸಂಜೆಗಳೆಲ್ಲ ಆ ಬೆಂಚಿನ ಮೇಲೆ. ಜೊತೆಗೆ ನೆರೆಮನೆಯ ಬಾಯಮ್ಮ, ಕಲ್ಯಾಣಪುರದ ಕ್ರಿಶ್ಚಿಯನ್ನರು. ಬೇಸಿಗೆಯಲ್ಲಿ ಹಣ್ಣು ಬಿದ್ದರೆ ಗೊಜ್ಜಿಗೆ ನನಗೊಂದು ಪಾಲು, ಅವರಿಗೊಂದು ಪಾಲು. ಆ ಮರ ಇಲ್ಲದ ಸಂಜೆಯನ್ನು ನಾನು ಯೋಚಿಸಿಯೂ ಇರಲಿಲ್ಲ. ನಮ್ಮ ವಾರ್ಡಿನ ಸದಸ್ಯರು ಯೋಚಿಸಿದರು.

ಅಧ್ಯಯನ ಪ್ರವಾಸ

ಸದಸ್ಯರು ಉದ್ಯಾನಗಳ ಅಧ್ಯಯನಕ್ಕೆಂದು ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್‌ಗೆ ಹೋಗಿ ಬಂದರು. ಉಡುಪಿಯಲ್ಲಿ ಬಸ್‌ಸ್ಟ್ಯಾಂಡಿನ ಆಚೆ ಇರುವ ಪಾರ್ಕನ್ನು ಅವರು ನೋಡಿದ್ದು ನನಗೆ ಗೊತ್ತಿಲ್ಲ. ಬಂದವರೇ ನಮ್ಮನ್ನೆಲ್ಲ ಸಭಾಭವನದಲ್ಲಿ ಕೂರಿಸಿ ಪರದೆಯ ಮೇಲೆ ಫೋಟೋ ತೋರಿಸಿದರು.

"ಇದು ಅಲ್ಲಿಯ ಗುಲಾಬಿ ತೋಟ," ಎಂದರು. ಪರದೆಯ ತುಂಬ ಅವರೇ ಇದ್ದರು. "ಇದು ಸರೋವರ." ಅಲ್ಲಿಯೂ ಅವರೇ, ಕಿವಿಯ ಹಿಂದೆ ಒಂದಿಷ್ಟು ನೀರು. "ಇದು ಅಲ್ಲಿಯ ಜನ. ಕೆಲಸದ ದಿನವೂ ಹುಲ್ಲಿನ ಮೇಲೆ ಆರಾಮವಾಗಿ ಮಲಗುತ್ತಾರೆ."

ಬಾಯಮ್ಮ ಕೈ ಎತ್ತಿದರು. "ಅಲ್ಲಿ ಹಾವು ಇಲ್ವಾ?"

ಸದಸ್ಯರು ಮುಂದಿನ ಫೋಟೋ ಹಾಕಿದರು. "ಅದು ನಮ್ಮ ಅಧ್ಯಯನದ ವಿಷಯ ಆಗಿರಲಿಲ್ಲ."

ಆಮೇಲೆ ಎಂಜಿನಿಯರು ಹೊಸ ಪಾರ್ಕಿನ ನಕ್ಷೆ ಹರಡಿದರು. ಹುಲ್ಲುಹಾಸು, ಕಾರಂಜಿ, ಅದರ ನಡುವೆ ಒಂದು ಪ್ರತಿಮೆ. ನಾನು ಕನ್ನಡಕ ಏರಿಸಿ ಹುಡುಕಿದೆ. "ಮಾವಿನ ಮರ ಎಲ್ಲಿ?"

"ಪ್ಲಾನಿನಲ್ಲಿ ಮರ ಇಲ್ಲ ಸಿಸ್ಟರ್."

"ನೆಲದಲ್ಲಿ ಉಂಟಲ್ಲ?"

"ಅದನ್ನು ಸರಿ ಮಾಡ್ತೇವೆ," ಎಂದರು.

ಹುಲ್ಲಿನ ಮೇಲೆ

ಮೊದಲು ಹುಲ್ಲು ಬಂತು, ಲಾರಿಯಲ್ಲಿ, ಚಾಪೆಯಂತೆ ಸುತ್ತಿಕೊಂಡು. ಹಿಂದೆಯೇ "ಹುಲ್ಲಿನ ಮೇಲೆ ಕಾಲಿಡಬಾರದು" ಎಂಬ ಬೋರ್ಡು. ಅದರ ಹಿಂದೆ ಬೋರ್ಡನ್ನು ಕಾಯಲು ಬಾಗಲಕೋಟೆ ಕಡೆಯ ಒಬ್ಬ ವಾಚ್‌ಮನ್, ಕುತ್ತಿಗೆಯಲ್ಲಿ ಸೀಟಿ.

ಒಂದು ಬೆಳಿಗ್ಗೆ ಸದಸ್ಯರು ಪತ್ರಿಕೆಯ ಫೋಟೋಗ್ರಾಫರನ್ನು ಕರೆದುಕೊಂಡು ಬಂದರು. ಅಲ್ಲಿಯವರಂತೆ ಹುಲ್ಲಿನ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳಬೇಕು. ಬಿಸಿಲು ಜೋರಿತ್ತು. ಇಡೀ ಪಾರ್ಕಿನಲ್ಲಿ ನೆರಳಿದ್ದದ್ದು ಪ್ಲಾನಿನಲ್ಲಿ ಇಲ್ಲದ ಮರದ ಕೆಳಗೆ ಮಾತ್ರ. ಅಲ್ಲಿಯೇ ಮಲಗಿದರು, ತಲೆಯ ಕೆಳಗೆ ಕೈ ಇಟ್ಟುಕೊಂಡು.

ವಾಚ್‌ಮನ್ ಸೀಟಿ ಊದುತ್ತ ಓಡಿ ಬಂದ. "ಏಳ್ರೀ ಸಾಹೇಬ್ರ, ಬೋರ್ಡ್ ಕಾಣ್ಸಂಗಿಲ್ಲೇನ್ರಿ?"

"ನಾನು ಯಾರು ಗೊತ್ತುಂಟಾ?"

"ಯಾರರ ಇರ್ರಿ, ಹುಲ್ಲು ಹುಲ್ಲೇರಿ."

ಸದಸ್ಯರು ಉತ್ತರ ಕೊಡುವ ಮೊದಲೇ ಮರದ ಕೆಂಪಿರುವೆಗಳು ಅಂಗಿಯೊಳಗೆ ಇಳಿದವು. ಎದ್ದವರು ಒಂದು ಕಾಲು ಎತ್ತಿ, ಎರಡು ಕೈಯನ್ನೂ ಬೆನ್ನ ಹಿಂದೆ ತಿರುಚಿ ಕುಣಿಯತೊಡಗಿದರು. ನಾನು ಮನೆಗೆ ಓಡಿ ಕ್ಯಾಲಮೈನ್ ತಂದು ಹಚ್ಚಿದೆ. ಹಚ್ಚಿಸಿಕೊಳ್ಳುತ್ತಲೇ ಅವರು ಶಪಥ ಮಾಡಿದರು, "ಮಳೆಗಾಲಕ್ಕೆ ಮೊದಲು ಈ ಮರ ಇಲ್ಲಿರಬಾರದು." ನನಗೆ ಬಾಟಲಿಯನ್ನು ಅಲ್ಲಿಯೇ ಮುಚ್ಚಿಬಿಡೋಣ ಎನಿಸಿತು.

ಮರುದಿನದ ಪತ್ರಿಕೆಯಲ್ಲಿ ಒಂದು ಕಾಲು ಎತ್ತಿದ ಫೋಟೋವೇ ಬಂತು. ಕೆಳಗೆ ಬರೆದಿದ್ದರು: "ನೂತನ ಉದ್ಯಾನದಲ್ಲಿ ಸದಸ್ಯರಿಂದ ಯೋಗ ಪ್ರಾತ್ಯಕ್ಷಿಕೆ."

ಯಾರ ಪ್ರತಿಮೆ?

ಬ್ಯೂನಸ್ ಐರಿಸ್‌ನಲ್ಲಿ ಪಾರ್ಕಿಗೊಂದು ಪ್ರತಿಮೆ ಇದೆಯಂತೆ, ಕುದುರೆ ಸಮೇತ. ನಮಗೂ ಬೇಕು, ಸರಿ, ಯಾರದ್ದು? ಸಭೆ ಸೇರಿತು. ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಎದ್ದು ಹೊರಟರು. ಅವರನ್ನು ಕರೆತಂದು ಕೂರಿಸಿ ಅವರ ಹೆಸರು ಕೇಳಿದರೆ ಮೊದಲಿನವರು ಹೊರಟರು. ಚಹಾ ಬಂತು, ಗೋಳಿಬಜೆ ಬಂತು, ಹೆಸರು ಮಾತ್ರ ಬರಲಿಲ್ಲ.

"ಬರೀ ಕುದುರೆ ಇಡುವ," ಎಂದರು ಬಾಯಮ್ಮ.

"ಕುದುರೆ ಯಾವ ಪಕ್ಷದ ಚಿಹ್ನೆ ಅಂತ ನೋಡ್ಬೇಕಾಗ್ತದೆ," ಎಂದರು ಸದಸ್ಯರು.

ಕೊನೆಗೆ ಯಾರಿಗೂ ಹೋಲದ ಒಂದು ಆಧುನಿಕ ಶಿಲ್ಪ ಮಾಡಿಸುವುದೆಂದು ತೀರ್ಮಾನವಾಯಿತು. ಕಾರ್ಕಳದ ಶಿಲ್ಪಿಯೊಬ್ಬರು ಕರಿಕಲ್ಲಿನಲ್ಲಿ ಕೆತ್ತಿ ತಂದರು. ಕೆಳಗೆ ಸುರುಳಿ ಸುರುಳಿ, ನಡುವೆ ನೀಳವಾಗಿ ಎದ್ದು, ಮೇಲೆ ಅಗಲವಾಗಿ ಬಾಗಿದೆ. ಹೆಸರು "ಪ್ರಗತಿ". ಕಾರಂಜಿ ಇನ್ನೂ ಆಗಿರಲಿಲ್ಲವಾದ್ದರಿಂದ ಪ್ರಗತಿಯನ್ನು ತಾತ್ಕಾಲಿಕವಾಗಿ ಮಾವಿನ ಮರದ ಬುಡದಲ್ಲಿ ಇಟ್ಟುಹೋದರು.

ಪ್ರಗತಿಗೆ ಹಾಲು

ನಮ್ಮ ಊರಿನಲ್ಲಿ ಮರದ ಬುಡದಲ್ಲಿ ಕರಿಕಲ್ಲನ್ನು ತಾತ್ಕಾಲಿಕವಾಗಿ ಇಡಬಾರದು. ಅದೂ ಆ ಆಕಾರದ ಕಲ್ಲನ್ನು. ಮೂರ್ನಾಲ್ಕು ದಿನದಲ್ಲಿ ಅದರ ಮೇಲೆ ಅರಸಿನ ಕಂಡಿತು, ವಾರದಲ್ಲಿ ಅಡಿಕೆ ಹೂವಿನ ಹಿಂಗಾರ. ದಾರಿಹೋಕರು ಚಪ್ಪಲಿ ಕಳಚಿ ಕೈಮುಗಿಯತೊಡಗಿದರು. ಯಾರು ಶುರು ಮಾಡಿದರೋ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಲ್ಲ, ನನಗೆ ಅಷ್ಟು ಬುದ್ಧಿ ಇದ್ದಿದ್ದರೆ ಮೊದಲೇ ಮಾಡುತ್ತಿದ್ದೆ.

ಮರ ಕಡಿಯುವವರು ಗರಗಸದ ಮೆಷಿನ್ ಹಿಡಿದು ಬಂದೇಬಿಟ್ಟರು. ನಾನು ಬೆಂಚಿನ ಮೇಲೆ ಗಟ್ಟಿಯಾಗಿ ಕೂತುಕೊಂಡೆ. ಅವರ ಮೇಸ್ತ್ರಿ ಹಿಂಗಾರ ನೋಡಿದ, ಮೆಷಿನ್ ಕೆಳಗಿಟ್ಟ, ಚಪ್ಪಲಿ ಬಿಟ್ಟ. "ನಾಗಬನಕ್ಕೆ ನಾನು ಕೈ ಹಾಕುವುದಿಲ್ಲ ಸಿಸ್ಟರ್. ಮನೆಯಲ್ಲಿ ಮಕ್ಕಳು ಮರಿ ಉಂಟು."

ಸುದ್ದಿ ತಿಳಿದು ಸದಸ್ಯರು ಶಿಲ್ಪಿಯನ್ನೇ ಕಾರಿನಲ್ಲಿ ಹಾಕಿಕೊಂಡು ಬಂದರು. "ಹೇಳಿ ಇವರಿಗೆ, ಇದು ಎಂತ ಅಂತ."

ಶಿಲ್ಪಿ ಕಲ್ಲನ್ನು ದೂರದಿಂದಲೇ ನೋಡಿದರು. "ನಾನು ಮಾಡುವಾಗ ಪ್ರಗತಿಯೇ ಆಗಿತ್ತು. ಈಗ ಹೇಳುವುದಕ್ಕೆ ಬರುವುದಿಲ್ಲ."

ಸದಸ್ಯರು ಬಾಯಮ್ಮನ ಕಡೆ ತಿರುಗಿದರು. "ನೀವಾದರೂ ಹೇಳಿ ಬಾಯಮ್ಮ, ಇದು ಬರೀ ಕಲ್ಲು ಅಲ್ವಾ?"

"ಎಂತ ಮಾರಾಯ್ರೆ, ನಮ್ಮ ಅಜ್ಜಿಯ ಕಾಲದಿಂದಲೂ ನಾವು ನಾಗನ ತಂಟೆಗೆ ಹೋದವರಲ್ಲ."

"ಹಾಗಾದರೆ ನಾನೇ ಎತ್ತಿ ಆಚೆ ಇಡ್ತೇನೆ," ಎಂದು ಸದಸ್ಯರು ಅಂಗಿಯ ತೋಳು ಮಡಚಿದರು.

"ಎತ್ತಿ," ಎಂದೆ ನಾನು. ಸೇರಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಎಂಜಿನಿಯರು ನಾಲ್ಕು ಹೆಜ್ಜೆ ಸರಿದರು. ಸದಸ್ಯರು ಕಲ್ಲನ್ನು ನೋಡಿದರು, ಮೇಲೆ ಕೆಂಪಿರುವೆಯ ಗೂಡನ್ನು ನೋಡಿದರು, ನಮ್ಮ ಮುಖ ನೋಡಿದರು. ಮಡಚಿದ ತೋಳನ್ನು ನಿಧಾನವಾಗಿ ಬಿಡಿಸಿಕೊಂಡು, ಫೋನು ಬಂದವರ ಹಾಗೆ ಹೊರಟುಹೋದರು.

ನಾಗರ ಪಂಚಮಿಯ ಬೆಳಿಗ್ಗೆ ಎಳನೀರು, ಹಾಲು ಹಿಡಿದವರ ಸಾಲು ಗೇಟಿನ ಹೊರಗಿನವರೆಗೂ ಇತ್ತು. ಎಲ್ಲರೂ ಬೋರ್ಡಿನ ಎದುರೇ ಹುಲ್ಲಿನ ಮೇಲೆ ನಿಂತಿದ್ದರು. ವಾಚ್‌ಮನ್ ಸೀಟಿ ಊದಿ ಸಾಲು ಸರಿ ಮಾಡುತ್ತಿದ್ದ. ನಾನು, ಬಾಯಮ್ಮ ನಮ್ಮ ಬೆಂಚಿನಲ್ಲಿ ಕೂತು ನೋಡುತ್ತಿದ್ದೆವು. ಇನ್ನು ಈ ಮರವನ್ನು ಯಾರೂ ಮುಟ್ಟುವುದಿಲ್ಲ ಎಂದು ನನ್ನ ಕಣ್ಣು ಸ್ವಲ್ಪ ಒದ್ದೆಯೂ ಆಯಿತು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಪಂಚೆ ಉಟ್ಟು, ಎಳನೀರಿನ ಗೊನೆ ಸಮೇತ ನಿಂತವರು ನಮ್ಮ ಸದಸ್ಯರೇ. ಹಾಲು ಎರೆದು, ಪತ್ರಿಕೆಯವರ ಕಡೆ ತಿರುಗಿ ಹೇಳಿದರು:

"ಬ್ಯೂನಸ್ ಐರಿಸ್‌ನಲ್ಲಿಯೂ ಹೀಗೆಯೇ. ಪಾರ್ಕಿನ ಮರ ಕಡಿಯುವುದಿಲ್ಲ. ನಾನು ಅಧ್ಯಯನ ಮಾಡಿಯೇ ಬಂದದ್ದು."