ಮಗಳ ಬೂಟು, ದಾರಿಯ ದೇವರು

ಮನೆಯಲ್ಲಿ ಒಬ್ಬರು ಮಿಲಿಟರಿ ಸೇರಿದರೆ ಉಳಿದವರಿಗೂ ಕವಾಯತು ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಅದು ದಿನಕ್ಕೊಂದು ರೀತಿ ನಡೆಯುತ್ತಲೇ ಇರುತ್ತದೆ.

ಸೇರಿದವಳು ನನ್ನ ಮಗಳು. ಬೆನ್ನಿಗೆ ಇಪ್ಪತ್ತು ಕಿಲೋ ಹೊತ್ತು ದಿನವಿಡೀ ನಡೆಯುವ ಪರೀಕ್ಷೆಯಲ್ಲಿ, ಅರ್ಧ ದಾರಿಗೆ ಅಂಗಾಲಿನಲ್ಲಿ ಬೊಬ್ಬೆ ಎದ್ದು ಕೂತುಬಿಟ್ಟಳು. ಇನ್ನೊಮ್ಮೆ ಹಾಗಾದರೆ ಜೊತೆಯವರನ್ನು ಬಿಟ್ಟು, ಕಿರಿಯರ ತಂಡದಲ್ಲಿ ಮೊದಲಿನಿಂದ ಕಲಿಯಬೇಕು. ತಿಂಗಳ ರಜೆಗೆ ಕರ್ಜಗಿಗೆ ಬಂದಾಗ ಅವಳ ಕೈಯಲ್ಲಿ ಹೊಸ ಬೂಟು, ಮುಖದಲ್ಲಿ ಅದೇ ಚಿಂತೆ.

ಮನೆ ಸುತ್ತಿದ್ದು

"ಬೂಟು ಕಾಲಿಗೆ ಒಗ್ಗಬೇಕಪ್ಪಾ. ದಿನಾ ಹಾಕ್ಕೊಂಡು ಅಡ್ಡಾಡತೀನಿ" ಅಂದಳು ಮಗಳು. ನನ್ನ ಅವ್ವ ಹೊಸ್ತಿಲಿಗೆ ಅಡ್ಡ ಕೂತಳು. "ಒಳಗ ಬೂಟು ಬರಂಗಿಲ್ಲ. ಸರಕಾರದ್ದಾದರೂ ಅಷ್ಟ."

ಸರಿ, ಮಗಳು ಹೊರಗಿನಿಂದ ಮನೆಯನ್ನು ಸುತ್ತತೊಡಗಿದಳು. ಬೆಳಗಿನ ಮಂಜಿನಲ್ಲಿ ಬೇವಿನ ಗಿಡದ ಹತ್ತಿರ ಒಮ್ಮೆ ಮೂಡುವಳು, ಒಮ್ಮೆ ಕರಗುವಳು. ಕಟ್ಟೆಯ ಮೇಲೆ ಜಪಕ್ಕೆ ಕೂತ ನನಗೆ ಆ ಸಪ್ಪಳವೇ ಎಣಿಕೆಯಾಗಿ, ಕೈಯ ಮಣಿ ಎಲ್ಲಿಗೆ ಬಂತೆಂಬುದೇ ಮರೆಯುತ್ತಿತ್ತು.

ಮೂರನೆಯ ದಿನ ಬೂಟಿನ ಹಿಂದೆ ಬಳೆಯ ಸಪ್ಪಳವೂ ಕೇಳಿಸಿತು. ಕಣ್ಣು ತೆರೆದರೆ ಪಕ್ಕದ ಮನೆಯಾಕೆ ಬರಿಗಾಲಲ್ಲಿ, ಕೈ ಮುಗಿದುಕೊಂಡು, ಮಗಳ ಬೆನ್ನಿಗೇ ಸುತ್ತುತ್ತಿದ್ದಳು.

"ಎಷ್ಟು ಸುತ್ತಿನ ಹರಕಿ ಐತೆವ್ವ?"

"ಹರಕಿ ಅಲ್ರಿ ಚಿಗವ್ವಾ. ಬೂಟು ಮೆತ್ತಗಾಗೂತನಕ."

ಆಕೆ ನಿಲ್ಲಲಿಲ್ಲ. "ಇರಲಿ ಬಿಡು. ನಂದು ಹನ್ನೊಂದು ಆಗ್ಯಾವ. ಇನ್ನ ಹತ್ತು ಮುಗಿಸೇ ಬಿಡ್ತೀನಿ."

ಇಪ್ಪತ್ತು ಕಿಲೋ

ಭಾರ ತುಂಬುವ ಕೆಲಸ ನನ್ನದು. ಬ್ಯಾಡಗಿ ಪೇಟೆಗೆ ಒಯ್ಯಲೆಂದು ಒಣಗಿಸಿದ ಮೆಣಸಿನಕಾಯಿ ಅಂಗಳದಲ್ಲೇ ಇತ್ತು. ಅದನ್ನೇ ಒತ್ತಿ ತುಂಬಿದೆ. ಚೀಲ ಬಣವೆಯಂತೆ ಉಬ್ಬಿತು. ತೂಗಿದರೆ ನಾಲ್ಕೇ ಕಿಲೋ. ಇರಲಿ ಎಂದು ಮಗಳು ಹೊತ್ತು ಹೊರಟಳು. ಬಸ್ಸು ಕಾಯುತ್ತಿದ್ದವರೆಲ್ಲ ಸಾಲಾಗಿ ಸೀನಿದರು.

ಮರುದಿನ ಜೋಳ ತುಂಬಿದೆವು. ನಮ್ಮೂರ ಗಿರಣಿ ಕೆಟ್ಟಿತ್ತು. "ಹೆಂಗಿದ್ರೂ ಹಾವೇರಿತನಕ ನಡೀತಾಳ, ಬೀಸಿಸಿಕೊಂಡು ಬರಲಿ" ಅಂದಳು ಹೆಂಡತಿ. ಸುದ್ದಿ ಓಣಿಗೆ ಹಬ್ಬಿತು. ಡಬ್ಬಿಗಳು ಬಂದವು, ರಿಪೇರಿಗೆ ಒಂದು ಮಿಕ್ಸರ್ ಕೂಡ ಬಂತು. ಮಗಳು ಎಲ್ಲವನ್ನೂ ತೂಗಿ, "ಇಪ್ಪತ್ತು ಆತ್ರಿ. ಉಳಿದವರು ನಾಳೆ ಬರ್ರಿ" ಅನ್ನುವಳು.

ರಜೆ ಮುಗಿಯಲು ವಾರವಿದ್ದಾಗ ಓಣಿಯ ಹಿರಿಯ ಅಜ್ಜಿ ನನ್ನನ್ನು ಮೆಲ್ಲಗೆ ಬದಿಗೆ ಕರೆದಳು. "ತಮ್ಮಾ, ಮುಂದಿನ ಸಲ ಮೂವತ್ತು ಕಿಲೋದ ಪರೀಕ್ಷಾ ಇಡ್ರಿ ಅಂತ ಹೇಳಾಕ ಬರತೈತೇನು?"

ಬಿಚ್ಚಿ ಕಟ್ಟಿದ್ದು

ಹಾವೇರಿಯ ದಾರಿಯಲ್ಲಿ ನಾನೂ ಜೊತೆಗಿರುತ್ತಿದ್ದೆ. ಗುಡಿ ಕಂಡಲ್ಲಿ, ಕಟ್ಟೆ ಕಂಡಲ್ಲಿ ಪಾದರಕ್ಷೆ ಬಿಟ್ಟು ಕೈ ಮುಗಿಯುವುದು ನನ್ನ ರೂಢಿ. ನನ್ನದು ಚಪ್ಪಲಿ, ಅವಳದು ಮೊಣಕಾಲಿನ ಕಡೆಗೆ ಏರಿದ ಲೇಸಿನ ಬೂಟು.

"ಅಪ್ಪಾ, ಐದು ದೇವರಾದವು. ಬಿಚ್ಚಿ ಕಟ್ಟೂದರಾಗ ಹೊತ್ತು ಹೋತು."

"ದೇವರ ಮುಂದ ಬೂಟು ಹಾಕ್ಕೊಂಡು ನಿಂದರಬಾರದು. ಬಿಚ್ಚವ್ವ."

ಸಿಡುಕುತ್ತಲೇ ಬಿಚ್ಚುವಳು. ಬೆವೆತ ಕಾಲುಚೀಲ ತೆಗೆದು ಒಣಗಿದ್ದು ಹಾಕಿಕೊಳ್ಳುವ ಮೊದಲು ಕಾಲನ್ನು ಗಾಳಿಗೆ ಬಿಟ್ಟು ಕೂರುವಳು. ಮುಂದೆ ಜೋಳದ ಹೊಲ, ಅದರ ಮೇಲೆ ಎಳೆಬಿಸಿಲು. ಅರೆನಿದ್ದೆಯಲ್ಲಿದ್ದವರ ಹಾಗೆ ಇಬ್ಬರೂ ಅದನ್ನೇ ನೋಡುತ್ತಿದ್ದೆವು. ಹಾವೇರಿ ಮುಟ್ಟಿ ಅಂಗಾಲು ನೋಡಿಕೊಂಡರೆ ಒಂದೂ ಬೊಬ್ಬೆ ಇರುತ್ತಿರಲಿಲ್ಲ. ಆಮೇಲೆ ಸಿಡುಕುವುದನ್ನು ಬಿಟ್ಟಳು.

ಪರೀಕ್ಷೆಯ ಮರುದಿನ ಫೋನು ಬಂತು.

"ಮುಗಿಸಿದೆ ಅಪ್ಪಾ."

ನನ್ನ ಕಣ್ಣು ತುಂಬಿ ಬಂದವು.

"ವಿಶ್ರಾಂತಿಗೆ ನಿಲ್ಲಿಸಿದಾಗ ಬೂಟು ಬಿಚ್ಚಿ ಕಾಲು ಆರಿಸಿದೆ. ರೂಢಿ ನೋಡು, ಕೈನೂ ಮುಗದೆ. ಎದುರಿಗೆ ಒಂದು ಕಲ್ಲಿತ್ತು. ನನ್ನ ನೋಡಿ ಉಳಿದ ಹುಡುಗ್ಯಾರೂ ಬಿಚ್ಚಿದರು, ಮುಗದರು. ಯಾರಿಗೂ ಬೊಬ್ಬಿ ಏಳಲಿಲ್ಲ. ಇವತ್ತು ನಡೆದ ಇನ್ನೊಂದು ತಂಡದವರು ಆ ಕಲ್ಲಿಗೆ ಹೂವು ಏರಿಸಿ ಮುಂದ ಹೋಗ್ಯಾರಂತ."

"ಯಾವ ದೇವರವ್ವ ಅದು?"

ಮಗಳು ದನಿ ತಗ್ಗಿಸಿದಳು.

"ಕಲ್ಲಿನ ಮ್ಯಾಲ ಹನ್ನೆರಡು ಕಿಲೋಮೀಟರ್ ಅಂತ ಬರದೈತಪ್ಪಾ."

ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದು, ಚಪ್ಪಲಿ ಬಿಟ್ಟು, ನಾನೂ ಕೈ ಮುಗಿದೆ.